ಬ್ರೇಕ್ ಮೇಷ್ಟ್ರ ಕೊನೆಯ ಭಾನುವಾರ

ಊಟಕ್ಕೆ ಕೂತಾಗಲೂ ಬ್ರೇಕ್ ಮೇಷ್ಟ್ರ ಬಲಗಾಲು ಸುಮ್ಮನಿರುವುದಿಲ್ಲ. ಹೆಂಡತಿ ಪಾತ್ರೆಯನ್ನು ತುಸು ರಭಸದಿಂದ ಮೇಜಿನ ಮೇಲೆ ಜಾರಿಸಿದರೆ ಸಾಕು, ಕೆಳಗೆ ಆ ಕಾಲು ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ. ಟಿವಿಯಲ್ಲಿ ಯಾರಾದರೂ ಓಡಿಬಂದರೂ ಒತ್ತುತ್ತದೆ. ನಿದ್ದೆಯಲ್ಲಿ ಒತ್ತಿ ಒತ್ತಿ ಅವರ ಹಾಸಿಗೆಯ ಒಂದು ಮೂಲೆಯಲ್ಲಿ ಗುಳಿಯೇ ಬಿದ್ದಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಆಯುಷ್ಯದ ಮುಕ್ಕಾಲು ಭಾಗ ಕಳೆದ ಕಾಲು ಅದು. ಊರಿನ ಅರ್ಧ ಜನ ಮೇಷ್ಟ್ರ ಬಳಿ ಕಾರು ಕಲಿತಿದ್ದಾರೆ. ಉಳಿದರ್ಧ ಜನ ಕಲಿತಿಲ್ಲ ಎಂಬುದು ರಸ್ತೆಗಿಳಿದ ಕೂಡಲೇ ಗೊತ್ತಾಗುತ್ತದೆ.

ಅವರ ಸ್ಕೂಲು ಎಂದರೆ ಕನ್ನಡಕದ ಅಂಗಡಿಯ ಮೇಲಿನ ಒಂದು ಕೋಣೆ. ರೆಕ್ಸಿನ್ ಹರಿದ ಬೆಂಚು, ತಿರುಗದ ಫ್ಯಾನು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ದೊಡ್ಡ ಪಟ. ಪಟದಲ್ಲಿ ‘ಹಾರ್ನ್ ಮಾಡಬಾರದು’ ಎಂಬ ಚಿತ್ರ ಬಿಸಿಲಿಗೆ ಪೂರ್ತಿ ಅಳಿಸಿಹೋಗಿರುವುದರಿಂದ ಅವರ ಶಿಷ್ಯರು ಯಾರೂ ಅದೊಂದನ್ನು ಕಲಿಯಲೇ ಇಲ್ಲ. ದಿನವಿಡೀ ಹೊಸಬರ ಪಕ್ಕದಲ್ಲಿ ಕೂತು, ಬೀದಿನಾಯಿ, ವಿದ್ಯುತ್ ಕಂಬ, ಮುದುಕರು ಮೊದಲಾದವರ ಜೀವ ಉಳಿಸುವುದು ಅವರ ಕಸುಬು.

“ಮೇಷ್ಟ್ರೇ, ಎಡಕ್ಕೆ ಅಂದ್ರೆ ನನ್ನ ಎಡಾನಾ, ಕಾರಿನ ಎಡಾನಾ?” ಎಂದು ಒಬ್ಬ ಹೆಂಗಸು ಕೇಳುತ್ತಾಳೆ.

“ಇಬ್ಬರೂ ಒಂದೇ ಕಡೆ ಮುಖ ಮಾಡಿದ್ದೀರಮ್ಮ. ಯಾರದಾದ್ರೂ ಪರವಾಗಿಲ್ಲ,” ಎಂದು ಮೇಷ್ಟ್ರು ಕಣ್ಣು ಮುಚ್ಚದೆಯೇ ನಿದ್ದೆ ಮಾಡುವವರ ದನಿಯಲ್ಲಿ ಹೇಳುತ್ತಾರೆ.

ಇಷ್ಟೇ ಆಗಿದ್ದರೆ ಮನುಷ್ಯ ಹೇಗೋ ಬದುಕಿಕೊಳ್ಳುತ್ತಿದ್ದ. ಆದರೆ ಮೇಷ್ಟ್ರ ತಲೆಯ ಮೇಲೆ ಇನ್ನೊಂದು ಕಿರೀಟವಿತ್ತು. ಅವರು ಊರಿನ ಹವ್ಯಾಸಿ ರ‍್ಯಾಲಿ ಕ್ಲಬ್ಬಿನ ಶಿಸ್ತುಪಾಲಕರು.

ರ‍್ಯಾಲಿ ಎಂದೊಡನೆ ಧೂಳೆಬ್ಬಿಸಿ ಹಾರುವ ಕಾರುಗಳನ್ನು ನೆನೆಸಿಕೊಳ್ಳಬೇಡಿ. ಇದು ವೇಗದ ಆಟವಲ್ಲ, ಹೊತ್ತಿನ ಆಟ. ಇಲ್ಲಿಂದ ಹೊರಟು, ಕೊಟ್ಟ ದಾರಿಯಲ್ಲಿ, ಹೇಳಿದ ವೇಗದಲ್ಲಿ ಹೋಗಿ, ಕೊನೆಯ ಠಾಣೆಯನ್ನು, ಅಂದರೆ ಬಂದ ಹೊತ್ತು ಬರೆದುಕೊಳ್ಳುವ ಜಾಗವನ್ನು, ನಿಗದಿಯಾದ ನಿಮಿಷಕ್ಕೆ ಸರಿಯಾಗಿ ಮುಟ್ಟಬೇಕು. ತಡವಾದರೂ ಅಂಕ ಹೋಯಿತು, ಬೇಗ ಬಂದರೂ ಹೋಯಿತು. ಒಬ್ಬರು ಓಡಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಗಡಿಯಾರ ಹಿಡಿದು ಲೆಕ್ಕ ಹೇಳುತ್ತಾರೆ. ವಾರವಿಡೀ ಕೆಲಸಕ್ಕಾಗಲಿ, ಮಗುವಿನ ಶಾಲೆಗಾಗಲಿ, ಹೆಂಡತಿ ಹೇಳಿದ ಜಾಗಕ್ಕಾಗಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಹೋಗದ ಗೃಹಸ್ಥರು ಭಾನುವಾರ ಹೆಲ್ಮೆಟ್ ಹಾಕಿಕೊಂಡು ಸಮಯಪಾಲನೆಗಾಗಿ ಪ್ರಾಣ ಕೊಡಲು ಸಿದ್ಧರಾಗಿ ನಿಲ್ಲುವ ದೃಶ್ಯವನ್ನು ನೋಡಿಯೇ ನಂಬಬೇಕು.

ಈ ಧರ್ಮಯುದ್ಧದಲ್ಲಿ ಮಹಾಪಾತಕ ಒಂದೇ. ಠಾಣೆ ಕಣ್ಣಿಗೆ ಬಿದ್ದ ಮೇಲೆ ನಿಲ್ಲಬಾರದು. ಬೇಗ ಬಂದುಬಿಟ್ಟವನು ಠಾಣೆಯ ಎದುರಿನ ತಿರುವಿನಲ್ಲಿ ನಿಂತು ಹೊತ್ತು ಕಳೆದು, ಆಮೇಲೆ ಏನೂ ಅರಿಯದವನಂತೆ ಒಳಬಂದರೆ ಅದು ಆಟಕ್ಕೆ ಬಗೆದ ದ್ರೋಹ. ಬೇಗ ಬಂದದ್ದಕ್ಕೆ ಕಳೆಯುವ ಅಂಕಗಳ ಎರಡರಷ್ಟನ್ನು ಇದಕ್ಕೆ ಕಳೆಯುತ್ತಾರೆ, ಮೇಲೊಂದು ಎಚ್ಚರಿಕೆ. ಮೂರು ಎಚ್ಚರಿಕೆಯಾದರೆ ಒಂದು ವರ್ಷ ಕ್ಲಬ್ಬಿನ ಹೊಸಿಲು ತುಳಿಯುವಂತಿಲ್ಲ.

ಆದರೆ ಕಾರು ನಿಜವಾಗಿ ಕೆಟ್ಟರೆ ನಿಲ್ಲಬಹುದು. ಈ ಒಂದು ಸಂದಿಯಲ್ಲಿ ನಮ್ಮ ಗೃಹಸ್ಥರು ಒಂದು ಇಡೀ ನಾಟ್ಯಶಾಸ್ತ್ರವನ್ನು ಬೆಳೆಸಿದ್ದರು. ಬಾನೆಟ್ ಎತ್ತಿ ಹೊಗೆ ಬಾರದ ಕಡೆ ಹೊಗೆ ಊದಿ ಆರಿಸುವುದು, ಗಾಳಿ ತುಂಬಿದ ಚಕ್ರವನ್ನು ಒದ್ದು ತಲೆ ಅಲ್ಲಾಡಿಸುವುದು, ಬೂಟಿನ ಲೇಸು ಕಟ್ಟುವುದು, ಲೇಸಿಲ್ಲದ ಬೂಟಾದರೂ ಬಗ್ಗುವುದು. ಈ ಕಲೆಯಲ್ಲಿ ಅಗ್ರಗಣ್ಯನೆಂದರೆ ಮೇಷ್ಟ್ರ ಸ್ವಂತ ಭಾವಮೈದ. ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ. ಗಿರಾಕಿಯ ಎದುರು ಹಾಸಿಗೆಯ ಮೇಲೆ ಬಿದ್ದು ಅರೆಗಳಿಗೆಯಲ್ಲಿ ಗೊರಕೆ ಹೊಡೆದು ತೋರಿಸಬಲ್ಲ ಪ್ರತಿಭೆ. ಕ್ಲಬ್ಬಿನಲ್ಲಿ ಅವನ ಅಡ್ಡಹೆಸರು ‘ನಾಟಕ ಕಂಪನಿ’. ಅವನ ಪಕ್ಕದಲ್ಲಿ ಗಡಿಯಾರ ಹಿಡಿದು ಕೂರುವವರು ಅವನ ಅಕ್ಕ, ಅಂದರೆ ಮೇಷ್ಟ್ರ ಹೆಂಡತಿ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಆಕೆಗೆ ದಾರಿ ತಪ್ಪುವುದೆಂದರೆ ಆಗದು. ತಮ್ಮನ ನಾಟಕ ಶುರುವಾದಾಗಲೆಲ್ಲ ಕಿಟಕಿ ಏರಿಸಿಕೊಂಡು ಆ ಕಡೆ ತಿರುಗಿ ಕೂತುಬಿಡುತ್ತಿದ್ದರು.

ಮೇಷ್ಟ್ರು ಈ ಹುದ್ದೆಗೆ ಬಂದದ್ದೂ ಒಂದು ಕತೆಯೇ. ಬಹಳ ಹಿಂದೆ ತಾವೂ ರ‍್ಯಾಲಿಗೆ ಇಳಿಯುತ್ತಿದ್ದರು. ಒಂದು ಸಲ ಸಭೆಯಲ್ಲಿ ಎದ್ದು, “ಎಲ್ಲರೂ ತಿರುವಿನಲ್ಲಿ ನಿಂತ್ಕೋತಾರೆ, ಇದನ್ನ ಯಾರೂ ಕೇಳೋದಿಲ್ಲವಾ?” ಎಂದು ಕೇಳಿದರು. ಕ್ಲಬ್ಬುಗಳಲ್ಲಿ ಕಸ ಬಿದ್ದಿದೆ ಎಂದವನ ಕೈಗೇ ಪೊರಕೆ. ಅಂದಿನಿಂದ ಕೆಂಪು ಬಾವುಟ ಅವರ ಕೈಯಲ್ಲಿ. ಆ ಬಾವುಟವನ್ನು ಯಾವ ಕಾರಿನ ಮುಂದೆ ಎತ್ತಿದರೋ ಆ ಕಾರಿನ ಮೇಲೆ ದೂರು ದಾಖಲಾಯಿತೆಂದೇ ಅರ್ಥ.

ಶುರುವಿನಲ್ಲಿ ಉತ್ಸಾಹವೇನೋ ಇತ್ತು. ನಿಯಮಗಳ ಮೇಲೆ ನಿಯಮ ಮಾಡಿದರು. ಹೊರಡುವ ಮುಂಚೆ ಎಲ್ಲರ ಫೋನು ಚೀಲಕ್ಕೆ ಹಾಕಿ ಕಟ್ಟಬೇಕು, ಕಾರಿನೊಳಗಿನ ಗಡಿಯಾರಕ್ಕೆ ಪಟ್ಟಿ ಅಂಟಿಸಬೇಕು ಎಂಬುದು ಅವರದೇ ನಿಯಮ. ದೂರು ಇರುವ ಸದಸ್ಯ ಇನ್ನೊಬ್ಬರ ದೂರಿನ ತೀರ್ಮಾನಕ್ಕೆ ಕೂರುವಂತಿಲ್ಲ, ಅದೂ ಅವರದೇ. ದೂರು ಬಾಕಿ ಇರುವಾಗ ಶಿಸ್ತುಪಾಲಕ ಹುದ್ದೆ ಬಿಡುವಂತಿಲ್ಲ, ಇದಂತೂ ಅವರ ಹೆಮ್ಮೆಯ ಕೂಸು.

ವರ್ಷ ಕಳೆದಂತೆ ಹೆಮ್ಮೆ ಕರಗಿತು, ಕೂಸು ಮಾತ್ರ ಬೆಳೆಯಿತು. ಸೋತವರು ಸೋಮವಾರ ಫೋನು ಮಾಡಿ ಗೆದ್ದವರ ಮೇಲೆ ಚಾಡಿ ಹೇಳುತ್ತಿದ್ದರು. ಗೆದ್ದವರು ಮಂಗಳವಾರ. ವಿಚಾರಣೆಗಳು ಮೇಷ್ಟ್ರ ಊಟದ ಮೇಜಿನ ಮೇಲೆ ನಡೆಯುತ್ತಿದ್ದವು. ಹೆಂಡತಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ಉಣ್ಣುತ್ತಿದ್ದರು. ಐವತ್ತು ದಾಟಿದ ಗಂಡಸರು, ಮೊಮ್ಮಕ್ಕಳನ್ನು ಕಂಡವರು, “ಅವನೇ ಮೊದಲು ನಿಂತಿದ್ದು” ಎಂದು ಮೂಗು ಒರೆಸಿಕೊಳ್ಳುವುದನ್ನು ಎಷ್ಟು ಕಾಲ ನೋಡಿಯಾರು? ಮೇಷ್ಟ್ರಿಗೆ ಜೀವನದಲ್ಲಿ ಈಗ ಉಳಿದಿದ್ದ ಆಸೆ ಒಂದೇ. ಒಂದು ಭಾನುವಾರ ಬೆಳಗ್ಗೆ, ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು, ಯಾರೂ ಎಬ್ಬಿಸದೆ, ತಾನಾಗಿ ಎಚ್ಚರವಾಗುವವರೆಗೆ ಮಲಗಬೇಕು.

ಕೊನೆಗೆ ಅದೃಷ್ಟದ ಬಾಗಿಲು ತೆರೆಯಿತು. ಕ್ಲಬ್ಬಿನ ವಕೀಲರು, ಕಾರಿಗಿಂತ ನಾಲಿಗೆಯನ್ನು ವೇಗವಾಗಿ ಓಡಿಸುವವರು, ಬಾವುಟ ಹಿಡಿಯಲು ಒಪ್ಪಿದರು. ಆದರೆ ವಕೀಲರಲ್ಲವೇ, ಒಂದು ಷರತ್ತು ಇಟ್ಟರು.

“ಹುದ್ದೆ ಕ್ಲೀನಾಗಿ ಕೊಡಬೇಕು ಮೇಷ್ಟ್ರೇ. ಈ ಭಾನುವಾರದ ರ‍್ಯಾಲಿಲಿ ಒಂದೂ ದೂರು ಇರಬಾರದು. ಹಳೇ ಜಗಳ ತಲೆ ಮೇಲೆ ಹೊತ್ಕೊಳ್ಳೋಕೆ ನಾನೇನು ಮದುವೆ ಆಗ್ತಿದ್ದೀನಾ?”

ಒಂದೂ ದೂರು ಇರಬಾರದು. ಒಂದೇ ಒಂದು ಭಾನುವಾರ. ಮೇಷ್ಟ್ರು ಬುಧವಾರವೇ ಭಾವಮೈದನ ಅಂಗಡಿಗೆ ಹೋದರು. ಅವನು ಪ್ರದರ್ಶನದ ಹಾಸಿಗೆಯ ಮೇಲೆ ಕೂತು ಬೆಲೆಚೀಟಿ ಸರಿಮಾಡುತ್ತಿದ್ದ.

“ಬನ್ನಿ ಭಾವ, ಕೂತ್ಕೊಳ್ಳಿ. ಇದು ಸೊಂಟಕ್ಕೆ ಒಳ್ಳೇದು.”

“ಸೊಂಟ ಹಾಳಾಗ್ಲಿ. ನಿನಗೆ ಎರಡು ಎಚ್ಚರಿಕೆ ಆಗಿದೆ. ಮೂರನೇದು ನನ್ನ ಕೈಯಿಂದ ಆದ್ರೆ ನೀನು ಒಂದು ವರ್ಷ ಹೊರಗೆ, ನಾನು ಒಂದು ವರ್ಷ ಒಳಗೆ.”

“ಅಂದ್ರೆ ನಿಮ್ಮ ಬಿಡುಗಡೆ ನನ್ನ ಕೈಲಿದೆ,” ಎಂದು ಭಾವಮೈದ ಹಾಸಿಗೆಯ ಮೇಲೆ ಸ್ವಲ್ಪ ಎಗರಿ ನೋಡಿದ. “ಒಳ್ಳೇ ಸ್ಪ್ರಿಂಗು.”

“ನಗಬೇಡ ಕಣೋ. ನನಗೆ ಸಾಕಾಗಿದೆ. ಬೇಗ ಬಂದ್ರೆ ಬೇಗ ಬಾ, ತಡ ಆದ್ರೆ ತಡವಾಗಿ ಬಾ. ನೇರವಾಗಿ ಬಾ ಅಷ್ಟೇ. ಜೀವಮಾನದಲ್ಲಿ ಒಂದೇ ಒಂದು ಸಲ.”

ಭಾವಮೈದ ಅವರ ಮುಖ ನೋಡಿದ. ಕಣ್ಣಿನ ಕೆಳಗೆ ಎರಡು ಚೀಲಗಳು, ಅಂಗಡಿಯ ದಿಂಬುಗಳಂತೆ, ಆದರೆ ಅಷ್ಟು ಮೆತ್ತಗಲ್ಲ. “ಆಯ್ತು ಭಾವ. ಮಾತು ಕೊಟ್ಟೆ,” ಎಂದ. ಅವನು ಹೀಗೆ ಹಲವು ಸಲ ಮಾತು ಕೊಟ್ಟಿದ್ದರಿಂದ ಮೇಷ್ಟ್ರು ಇನ್ನಷ್ಟು ಸುಸ್ತಾಗಿ ಮನೆಗೆ ಬಂದರು.

ಶನಿವಾರ ಸಾರಿಗೆ ಕಚೇರಿಯಲ್ಲಿ ಲೈಸೆನ್ಸ್ ಪರೀಕ್ಷೆಯಿತ್ತು. ಪರೀಕ್ಷೆಯ ದಿನ ಮೇಷ್ಟ್ರದೊಂದು ಹಳೆಯ ಉಪಾಯ. ಬೆಳಗ್ಗೆಯೇ ಕೈಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿಡುವುದು. ತಲೆ ಬಾಚಿಕೊಳ್ಳುತ್ತ ನಿಂತ ಶಿಷ್ಯರ ಮೂಗಿನ ಮುಂದೆ ಅದನ್ನು ಹಿಡಿದು, “ನೋಡಿ, ಆಗಲೇ ಹೊತ್ತಾಯ್ತು,” ಎಂದರೆ ಎಲ್ಲರೂ ಓಡಿಬಂದು ಕಾರು ಹತ್ತುತ್ತಿದ್ದರು. ಸಂಜೆ ಮನೆಗೆ ಬಂದು ಬೂಟು ಬಿಚ್ಚುವ ಮೊದಲು ಮುಳ್ಳನ್ನು ಮತ್ತೆ ಹಿಂದಕ್ಕೆ ತಿರುಗಿಸುವುದು ವಾಡಿಕೆ. ಆ ಶನಿವಾರ ಮಾತ್ರ ಒಬ್ಬ ಶಿಷ್ಯ ಪರೀಕ್ಷಾಧಿಕಾರಿಯನ್ನು ಕೂರಿಸಿಕೊಂಡೇ ಕಚೇರಿಯ ಹೂಕುಂಡದ ಮೇಲೆ ಹತ್ತಿದ್ದ. ಅದರ ಮಾತುಕತೆ ಮುಗಿಸಿ ಮನೆ ಸೇರಿದ ಮೇಷ್ಟ್ರು ಸೋಫಾದ ಮೇಲೆ ಒರಗಿದವರು ಬೂಟು ಸಮೇತ ನಿದ್ದೆಹೋದರು. ಬಲಗಾಲು ಸೋಫಾದ ಕೈಯನ್ನು ಒತ್ತುತ್ತಲೇ ಇತ್ತು. ಮುಳ್ಳು ಮುಂದೆಯೇ ಉಳಿಯಿತು.

ಭಾನುವಾರ ಬೆಳಗ್ಗೆ ಹಳೆಯ ಗಿರಣಿಯ ಮೈದಾನದಲ್ಲಿ ಸೇನೆ ನೆರೆಯಿತು. ಹತ್ತು ಹನ್ನೊಂದು ರಥಗಳು. ಯಾವುದಕ್ಕೂ ಬಂಪರು ನೆಟ್ಟಗಿಲ್ಲ, ಎಲ್ಲದಕ್ಕೂ ಸ್ಟಿಕ್ಕರು ತುಂಬ. ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟ್ರು ಕೈಗೆ ಬಿಳಿ ಗ್ಲೌಸು ಹಾಕಿಕೊಂಡು ತಮ್ಮ ಸ್ಟೇರಿಂಗನ್ನು ರೋಗಿಯ ದವಡೆಯಂತೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಫೋನುಗಳು ಚೀಲ ಸೇರಿದವು, ಗಡಿಯಾರಗಳಿಗೆ ಪಟ್ಟಿ ಅಂಟಿತು.

ಆಮೇಲೆ ನಡೆದದ್ದು ಕ್ಲಬ್ಬಿನ ಹಳೆಯ ಪದ್ಧತಿ. ಅಧಿಕೃತ ಗಡಿಯಾರ, ಅಂದರೆ ದೊಡ್ಡ ಕೆಂಪು ಅಂಕಿಗಳ ಪೆಟ್ಟಿಗೆ, ಕೊನೆಯ ಠಾಣೆಯಲ್ಲಿ ನಿಲ್ಲಿಸಲು ಆಗಲೇ ಹೊರಟುಹೋಗಿರುತ್ತದೆ. ಹೋಗುವ ಮುಂಚೆ ಅದನ್ನು ನೋಡಿ ಕೈಗಡಿಯಾರ ಹೊಂದಿಸಿಕೊಳ್ಳಬೇಕೆಂಬುದು ನಿಯಮ. ಅದಕ್ಕೆ ಬೆಳಗ್ಗೆ ಬೇಗ ಏಳಬೇಕು, ಹಾಗಾಗಿ ಯಾರೂ ಹೊಂದಿಸಿಕೊಳ್ಳುವುದಿಲ್ಲ. ಬದಲಿಗೆ ಎಲ್ಲರೂ ಮೇಷ್ಟ್ರ ಸುತ್ತ ನೆರೆದು, ಅವರ ಮಣಿಕಟ್ಟಿಗೆ ತಮ್ಮ ಮಣಿಕಟ್ಟು ತಾಗಿಸಿ ಮುಳ್ಳು ಸರಿಮಾಡಿಕೊಳ್ಳುತ್ತಾರೆ. ಊರಿನಲ್ಲಿ ಸುಳ್ಳು ಹೇಳದ ಗಡಿಯಾರ ಒಂದೇ, ಮೇಷ್ಟ್ರದು ಎಂದು ಪ್ರತೀತಿ. ಹೆಂಡತಿಯೂ ಬಂದು ಕೈ ತಾಗಿಸಿದರು.

“ಕಣ್ಣು ಕೆಂಪಾಗಿದೆ ನಿಮಗೆ,” ಎಂದರು.

“ಇವತ್ತೊಂದು ದಿನ. ನಾಳೆಯಿಂದ ಬಿಳೀ ಆಗುತ್ತೆ.”

ಮೇಷ್ಟ್ರು ಅದೇ ಕೈಗಡಿಯಾರ ನೋಡಿಕೊಂಡು ಅರ್ಧ ನಿಮಿಷಕ್ಕೊಂದರಂತೆ ಕಾರುಗಳನ್ನು ಬಿಟ್ಟರು. ಮೊದಲು ವಕೀಲರು, ಅವರ ಹಿಂದೆ ಡಾಕ್ಟ್ರು, ಹೀಗೆ. ಎಚ್ಚರಿಕೆ ಪಡೆದವರು ಕಟ್ಟಕಡೆಗೆ ಹೊರಡಬೇಕೆಂಬ ನಿಯಮದಂತೆ ಭಾವಮೈದನ ಕಾರು ಕೊನೆಗೆ ಹೊರಟಿತು. ದಾರಿಯಲ್ಲಿ ಬೇರೆ ಕಡೆ ಮುದ್ರೆ ಒತ್ತುವ ಜನರಿದ್ದರೇ ಹೊರತು ಹೊತ್ತು ನೋಡುವವರಿರಲಿಲ್ಲ.

ಮೇಷ್ಟ್ರು ಅಡ್ಡದಾರಿ ಹಿಡಿದು ಕೊನೆಯ ಠಾಣೆಗೆ ಬಂದರು. ಬೇರೆ ವರ್ಷಗಳಲ್ಲಾದರೆ ಪೊದೆಯ ಹಿಂದೆ ಕೂರುತ್ತಿದ್ದರು. ಅಡಗಿ ಕೂತರೆ ತಪ್ಪು ಸಿಗುತ್ತದೆ, ಇವತ್ತು ಸಿಗಬಾರದು. ಆದ್ದರಿಂದ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು, ರಸ್ತೆಯ ಪಕ್ಕದಲ್ಲೇ ಮಡಚುವ ಕುರ್ಚಿ ಹಾಕಿ, ಬಾವುಟವನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡು, ತಿರುವಿಗೆ ಎದುರಾಗಿ ಬಟ್ಟಬಯಲಿನಲ್ಲಿ ಕೂತರು. ‘ನಾನಿದ್ದೇನೆ, ದಯವಿಟ್ಟು ನಿಲ್ಲಬೇಡಿ’ ಎಂದು ಅವರ ಇಡೀ ದೇಹ ಬೇಡುತ್ತಿತ್ತು. ದೊಡ್ಡ ಗಡಿಯಾರ ಅವರ ಬೆನ್ನ ಹಿಂದಿತ್ತು. ಅದರ ಮುಖ ರಸ್ತೆಯ ಕಡೆಗೆ, ಬರುವವರಿಗೆ ದೂರದಿಂದಲೇ ಕಾಣುವಂತೆ.

ವಕೀಲರ ಕಾರು ತಿರುವು ದಾಟಿ ಬಂತು. ಮೇಷ್ಟ್ರ ಬಲಗಾಲು ತಾನಾಗಿ ನೆಲ ಒತ್ತಿತು. ತಕ್ಷಣ ಅವರಿಗೆ ತಮ್ಮ ಕಾಲಿನ ಮೇಲೆಯೇ ಸಿಟ್ಟು ಬಂತು, ಏಕೆಂದರೆ ಕಾರು ನಿಂತುಬಿಟ್ಟಿತ್ತು.

ವಕೀಲರು ದೊಡ್ಡ ಗಡಿಯಾರ ನೋಡಿದ್ದರು. ಹತ್ತು ನಿಮಿಷ ಬೇಗ. ಕೈಗಡಿಯಾರ ಹೊಂದಿಸಿದ್ದರಲ್ಲೇ ತಪ್ಪಿದೆ ಎಂದುಕೊಂಡರು. ಪಕ್ಕದಲ್ಲಿ ಕೂತ ಸಹಾಯಕನನ್ನು ಬೈದರು. ಇಳಿದರು. ಬಾನೆಟ್ ಎತ್ತಿದರು.

ಅವರ ಹಿಂದೆ ಡಾಕ್ಟ್ರು. ಅವರೂ ಗಡಿಯಾರ ನೋಡಿದರು, ತಮ್ಮ ಕೈಗಡಿಯಾರವೇ ತಪ್ಪಿದೆ ಎಂದುಕೊಂಡರು, ಬಾನೆಟ್ ಎತ್ತಿ “ಆ ಮಾಡಿ” ಎನ್ನುವವರಂತೆ ಒಳಗೆ ಬಗ್ಗಿದರು. ಮೂರನೆಯ ಕಾರು ಬಂತು, ನಿಂತಿತು, ಚಕ್ರ ಒದೆಸಿಕೊಂಡಿತು. ನಾಲ್ಕನೆಯದು. ಐದನೆಯದು. ಒಬ್ಬನು ಲೇಸು ಕಟ್ಟತೊಡಗಿದ. ಇನ್ನೊಬ್ಬ, ಹುಟ್ಟಿದಾರಭ್ಯ ಪ್ರಕೃತಿಯ ಕಡೆ ತಿರುಗಿ ನೋಡದವನು, ಸೊಂಟದ ಮೇಲೆ ಕೈಯಿಟ್ಟು ಒಂದು ಬೋಳುಗುಡ್ಡದ ಸೌಂದರ್ಯವನ್ನು ಸವಿಯುತ್ತ ನಿಂತ. ಪ್ರತಿಯೊಬ್ಬನೂ ತಾನೊಬ್ಬನೇ ತಪ್ಪಿದವನು, ಮುಂದಿನವರ ಕಾರು ಪಾಪ ನಿಜವಾಗಿ ಕೆಟ್ಟಿರಬೇಕು, ಎಂಥ ಒಳ್ಳೆಯ ಮರೆ ಸಿಕ್ಕಿತು ಎಂದು ಒಳಗೊಳಗೆ ಹಿಗ್ಗುತ್ತಿದ್ದ. ಸ್ವಲ್ಪ ಹೊತ್ತಿಗೆಲ್ಲ ರಸ್ತೆಯ ಬದಿಯಲ್ಲಿ ಹತ್ತು ಬಾನೆಟ್‌ಗಳು, ಮೊಸಳೆಗಳು ಬಿಸಿಲು ಕಾಯಿಸುತ್ತ ಬಾಯಿ ತೆರೆದಂತೆ, ಸಾಲಾಗಿ ತೆರೆದು ನಿಂತಿದ್ದವು.

ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ. ಏಳಲು ಆಗಲಿಲ್ಲ. ಇಷ್ಟು ವರ್ಷದಲ್ಲಿ ಒಂದು ರ‍್ಯಾಲಿಗೆ ಒಂದೋ ಎರಡೋ ಪಾಪ ಸಿಗುತ್ತಿದ್ದವು. ಇವತ್ತು ಪಾಪಿಗಳು ಮೆರವಣಿಗೆಯಲ್ಲಿ ಬಂದಿದ್ದರು.

ಆಗ ಭಾವಮೈದನ ಕಾರು ತಿರುವಿನಲ್ಲಿ ಕಾಣಿಸಿತು.

ಒಳಗೆ ಅಕ್ಕ ತಮ್ಮ ಇಬ್ಬರೂ ಗಡಿಯಾರ ನೋಡಿದರು. ಸಾಲು ನೋಡಿದರು. ಕಾರು ನಿಧಾನವಾಯಿತು. ಭಾವಮೈದನ ಎಡಗೈ, ಅಭ್ಯಾಸಬಲದಿಂದ, ಬಾನೆಟ್ ತೆರೆಯುವ ಹಿಡಿಯ ಕಡೆ ಹೋಯಿತು. ಇಂಥ ರಂಗಸ್ಥಳ, ಇಷ್ಟು ಜನ ಸಹನಟರು, ಕಲಾವಿದನಿಗೆ ಇನ್ನೊಮ್ಮೆ ಸಿಕ್ಕೀತೇ? ಸಾಲಿನ ಕೊನೆಯಲ್ಲಿ ಅವನಿಗೆಂದೇ ಬಿಟ್ಟಂತೆ ಒಂದು ಕಾರಿನಷ್ಟು ಜಾಗವೂ ಇತ್ತು. ಅವನು ಮುಂದೆ ನೋಡಿದ. ಕಿತ್ತಳೆ ಜಾಕೆಟ್ಟಿನೊಳಗೆ ಭಾವ ಕುಸಿದು ಕೂತಿದ್ದರು.

“ಏನ್ ಮಾಡ್ತೀಯೋ?” ಎಂದು ಅಕ್ಕ ಕೇಳಿದರು. ಕಿಟಕಿ ಏರಿಸಿರಲಿಲ್ಲ.

“ಏನಕ್ಕ ಮಾಡ್ಲಿ. ಮಾತು ಕೊಟ್ಟು ಸತ್ತಿದ್ದೀನಿ,” ಎಂದು ಅವನು ಕೈಯನ್ನು ಸ್ಟೇರಿಂಗಿಗೆ ತಂದ.

ಕಾರು ಹತ್ತು ತೆರೆದ ಬಾಯಿಗಳ ಮುಂದೆ, ಹೇಳಿದ ವೇಗದಲ್ಲಿ, ಹಾಸಿಗೆಯ ಮೇಲೆ ಉರುಳುವಷ್ಟು ಮೆತ್ತಗೆ ಸಾಗಿಹೋಯಿತು. ಬಾನೆಟ್‌ಗಳ ಹಿಂದಿನಿಂದ ತಲೆಗಳು ಒಂದೊಂದಾಗಿ ಎದ್ದವು. ಕಾರು ನೇರ ಠಾಣೆಯೊಳಗೆ ಬಂದು ನಿಂತಿತು. ಹತ್ತು ನಿಮಿಷ ಬೇಗ. ಅಂಕಗಳು ಹೋದವು.

“ನೋಡಿದ್ರಾ ಭಾವ, ಬಂದೆ,” ಎಂದ ಅವನು, ಯಾರೋ ಹಲ್ಲು ಕಿತ್ತ ಮುಖ ಮಾಡಿಕೊಂಡು.

ಹೆಂಡತಿ ಇಳಿದು ಬಂದು ಗಂಡನ ಕೈಯನ್ನು ಮಗ್ಗುಲಿಗೆ ತಿರುಗಿಸಿದರು. ಕೈಗಡಿಯಾರ ನೋಡಿದರು. ಹಿಂದಿನ ದೊಡ್ಡ ಗಡಿಯಾರ ನೋಡಿದರು. “ರೀ, ನಿನ್ನೆ ಪರೀಕ್ಷೆ ಇತ್ತಲ್ವಾ ನಿಮಗೆ,” ಎಂದು ಮೆಲ್ಲಗೆ ಕೇಳಿದರು.

ಮೇಷ್ಟ್ರು ತಿರುಗಿ ನೋಡಿದರು. ಮತ್ತೆ ತಮ್ಮ ಮಣಿಕಟ್ಟು ನೋಡಿದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ನಿದ್ದೆಗಣ್ಣಿನಲ್ಲಿ.

ಅಷ್ಟರಲ್ಲಿ ವಕೀಲರೂ ಡಾಕ್ಟ್ರೂ ಕೈ ಒರೆಸಿಕೊಳ್ಳುತ್ತ ಬಂದರು. ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಹೇಳಿದರು. ಗಡಿಯಾರ ಮುಂದಿತ್ತು, ನಾನೇ ತಿರುಗಿಸಿದ್ದು, ಹಿಂದಕ್ಕೆ ತಿರುಗಿಸಲು ಮರೆತೆ. ವಕೀಲರ ಮುಖ ಅರಳಿತು.

“ಹಾಗಾದ್ರೆ ಮುಗೀತಲ್ಲ. ಬಾವುಟ ಎತ್ತಲೇಬೇಡಿ. ಎಲ್ಲರೂ ನಿಂತಿದ್ದಾರೆ ಅಂದ್ರೆ ಯಾರೂ ನಿಂತಿಲ್ಲ ಅಂತಲೇ ಲೆಕ್ಕ. ದೂರು ಕೊಡೋರು ಯಾರು? ಒಂದು ಘಳಿಗೆ ಆ ಕಡೆ ತಿರುಗಿ, ನಾವು ಒಬ್ಬೊಬ್ಬರಾಗಿ ಹೊತ್ತಿಗೆ ಸರಿಯಾಗಿ ಬರ್ತೀವಿ. ಸಂಜೆ ನಾನು ಬಾವುಟ ತಗೋತೀನಿ.”

“ನಾಳೆಯಿಂದ ನಿಮ್ಮ ಭಾನುವಾರ ನಿಮ್ಮದು,” ಎಂದರು ಡಾಕ್ಟ್ರು. ಚುಚ್ಚುವ ಮುಂಚೆ ‘ನೋವಾಗೋದಿಲ್ಲ’ ಎನ್ನುವ ದನಿ.

ಮೇಷ್ಟ್ರ ಕಣ್ಣಿಗೆ ಹೊದಿಕೆ ಕಂಡಿತು. ಬೆಳಗಿನ ಬಿಸಿಲು ಪರದೆಯ ಅಂಚಿನಲ್ಲಿ ಬಂದು ಹೋಗುವುದು, ಫೋನು ಬಡಿಯದಿರುವುದು, ಎಲ್ಲ ಕಂಡಿತು. ತಿರುಗಿ ಕೂತರೆ ಸಾಕು. ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದರೆ ಸಾಕು.

“ಮತ್ತೆ ಇವನು?” ಎಂದು ಭಾವಮೈದನ ಕಡೆ ತೋರಿಸಿದರು.

“ಇವನಾ? ಕೊನೆಗೆ ಬರ್ತಾನೆ. ಯಾರಾದ್ರೂ ಒಬ್ಬರು ಕೊನೆಗೆ ಬರ್ಲೇಬೇಕಲ್ಲ,” ಎಂದರು ವಕೀಲರು.

ಭಾವಮೈದ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದ. ನಿಜವಾಗಿಯೂ ಕೆಟ್ಟ ಕಾರಿನ ಪಕ್ಕದಲ್ಲಿ ನಿಂತವನು ಹೇಗಿರುತ್ತಾನೆಂದು ಮೇಷ್ಟ್ರು ಆ ದಿನ ಮೊದಲ ಸಲ ಅವನ ಮುಖದಲ್ಲಿ ನೋಡಿದರು. ಇಷ್ಟು ವರ್ಷ ಅವನು ತೋರಿಸಿದ ಎಲ್ಲ ಅಭಿನಯಕ್ಕಿಂತ ಇದು ಬಹಳ ಸಪ್ಪೆಯಾಗಿತ್ತು.

ಮೇಷ್ಟ್ರು ಒಂದು ದೀರ್ಘ ನಿಟ್ಟುಸಿರು ಬಿಟ್ಟರು. ತೊಡೆಯ ಕೆಳಗಿಂದ ಬಾವುಟ ಎಳೆದರು. ಮೊಣಕಾಲು ಹಿಡಿದುಕೊಂಡು ಎದ್ದು, ಸಾಲಿನ ಬಳಿ ನಡೆದು, ಮೊದಲ ಬಾನೆಟ್ಟಿನ ಮುಂದೆ ಎತ್ತಿದರು. ಎರಡನೆಯದರ ಮುಂದೆ ಎತ್ತಿದರು. ಯಾವ ವಿಜಯೋತ್ಸಾಹವೂ ಇಲ್ಲದೆ, ಒಣಗಿದ ಬಟ್ಟೆಯನ್ನು ಹಗ್ಗದಿಂದ ಒಂದೊಂದಾಗಿ ತೆಗೆಯುವವರಂತೆ, ಹತ್ತರ ಮುಂದೆಯೂ ಎತ್ತಿ ಇಳಿಸಿದರು. ಕುಂಬಳಕಾಯಿ ಕಳ್ಳರು ಒಬ್ಬೊಬ್ಬರಾಗಿ ಹೆಗಲು ಮುಟ್ಟಿ ನೋಡಿಕೊಂಡು ಬಾನೆಟ್ ಮುಚ್ಚಿದರು. ಕೊನೆಗೆ ಬಂದು ತಮ್ಮ ಮಡಚುವ ಕುರ್ಚಿಯ ಮುಂದೆಯೂ ಒಂದು ಸಲ ಎತ್ತಿದರು. “ಇದು ನನ್ನ ಮೇಲೆ,” ಎಂದರು.

ಸಭೆ ಡಾಕ್ಟ್ರ ಕ್ಲಿನಿಕ್ಕಿನಲ್ಲಿ ನಡೆಯಿತು. ಭಾನುವಾರ ರೋಗಿಗಳಿಲ್ಲದ ಕಾರಣ ಜಾಗ ಧಾರಾಳ, ಆದರೆ ಕುರ್ಚಿ ಸಾಲದೆ ಒಬ್ಬರು ಹಲ್ಲು ಕೀಳುವ ಕುರ್ಚಿಯಲ್ಲೇ ಅಂಗಾತ ಮಲಗಿ ಸಭೆಯಲ್ಲಿ ಭಾಗವಹಿಸಿದರು. ಲೆಕ್ಕ ಹಾಕಿದಾಗ ಫಲಿತಾಂಶ ಸ್ಪಷ್ಟವಾಗಿತ್ತು. ಹತ್ತು ಜನರಿಗೆ ಎರಡರಷ್ಟು ಅಂಕ ಹೋಗಿತ್ತು. ಬರಿಯ ಬೇಗ ಬಂದ ತಪ್ಪು ಒಬ್ಬನದೇ. ಜಯಶಾಲಿ ನಾಟಕ ಕಂಪನಿ.

“ಚೆನ್ನಾಗಿದೆ,” ಎಂದರು ವಕೀಲರು. “ಭಾವನ ಗಡಿಯಾರ, ಹೆಂಡತಿಯ ಲೆಕ್ಕ, ಭಾವಮೈದನ ಬಹುಮಾನ. ಮನೆಯವರೆಲ್ಲ ಕೂತು ಬರೆದ ನಾಟಕ ಇದು.”

“ಮನೆಯವರೆಲ್ಲ ಕೂತು ಬರೆದಿದ್ರೆ ನಾವು ಹತ್ತು ನಿಮಿಷ ಬೇಗ ಯಾಕೆ ಬರ್ತಿದ್ವಿ ವಕೀಲರೇ?” ಎಂದರು ಮೇಷ್ಟ್ರ ಹೆಂಡತಿ. “ಸಂಚು ಮಾಡೋರಿಗೆ ಸರಿಯಾದ ಹೊತ್ತಿಗೆ ಬರೋಕೆ ಆಗ್ತಿರಲಿಲ್ವಾ? ನಿಮ್ಮ ಕಾರಿಗೆ ಏನಾಗಿತ್ತು, ಅದನ್ನ ಹೇಳಿ ಮೊದ್ಲು.”

ವಕೀಲರು ತಮ್ಮ ಕಾರಿಗೆ ಏನಾಗಿತ್ತೆಂದು ಯೋಚಿಸಿದರು. ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು.

ಮೇಷ್ಟ್ರು ಎದ್ದು ನಿಂತರು. ತಪ್ಪು ನನ್ನದು, ಶಿಕ್ಷೆ ವಿಧಿಸಿ, ಹುದ್ದೆಯಿಂದ ತೆಗೆದುಹಾಕಿ ಎಂದು ಕೇಳಿಕೊಂಡರು. ದನಿಯಲ್ಲಿ ಅಪರಾಧಿಯ ನಾಚಿಕೆಗಿಂತ ರಜೆ ಕೇಳುವ ನೌಕರನ ಆಸೆ ಹೆಚ್ಚಿತ್ತು. ಡಾಕ್ಟ್ರು ತೀರ್ಮಾನ ಹೇಳಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ದೂರು ಇರುವ ಸದಸ್ಯ ಇನ್ನೊಬ್ಬರ ತೀರ್ಮಾನಕ್ಕೆ ಕೂರುವಂತಿಲ್ಲ. ಮೇಷ್ಟ್ರದೇ ನಿಯಮ. ಕೋಣೆಯಲ್ಲಿದ್ದವರ ಪೈಕಿ ದೂರಿಲ್ಲದವರು ಇಬ್ಬರೇ, ಅಕ್ಕ ಮತ್ತು ತಮ್ಮ.

ಜೀವನವಿಡೀ ಆ ಬಾವುಟದ ಕೆಳಗೆ ಬಾಗಿದ್ದ ಕಲಾವಿದ ನಿಧಾನವಾಗಿ ಎದ್ದು ಅಂಗಿ ಸರಿಮಾಡಿಕೊಂಡ. ಇಂಥ ಪಾತ್ರ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಒಂದು ಕ್ಷಣ ಆ ಕಡೆ, ಒಂದು ಕ್ಷಣ ಈ ಕಡೆ ನೋಡಿದ.

“ಭಾವ, ಗಡಿಯಾರ ತಪ್ಪಿದ್ದು ನಿಜ. ಶಿಕ್ಷೆ ಆಗಲೇಬೇಕು. ಇನ್ನೊಂದು ವರ್ಷ ನೀವೇ ಬಾವುಟ ಹಿಡೀಬೇಕು.”

“ಲೋ,” ಎಂದರು ಮೇಷ್ಟ್ರು.

“ಕೇಳಿ ಭಾವ. ಇವತ್ತು ನಾನು ನೇರವಾಗಿ ಬಂದೆ. ಬಾನೆಟ್ ಎತ್ತಿದವರೆಲ್ಲ ಸೇರಿ ನಾನು ಬಂದೇ ಇಲ್ಲ ಅಂತ ಮಾಡ್ತಿದ್ರು. ನೀವು ಆ ಕಡೆ ತಿರುಗಿದ್ರೆ ನಾನು ಬಂದೇ ಇರ್ಲಿಲ್ಲ. ನೋಡೋರು ಒಬ್ಬರು ಬೇಕು.” ಆಮೇಲೆ ಇಷ್ಟು ನಿಜ ಹೇಳಿದ್ದಕ್ಕೆ ತಾನೇ ಮುಜುಗರಪಟ್ಟು, “ಅಲ್ದೆ ಇಷ್ಟು ವರ್ಷ ನನ್ನ ಗೋಳಾಡಿಸಿದ್ದೀರಿ, ಸುಮ್ನೆ ಬಿಟ್ರೆ ನನ್ನ ಮರ್ಯಾದೆ ಏನಾಗ್ಬೇಕು,” ಎಂದ.

ಮೇಷ್ಟ್ರು ಕೊನೆಯ ಆಸೆಯಿಂದ ಹೆಂಡತಿಯ ಕಡೆ ನೋಡಿದರು.

“ಮನೇಲಿ ಮಲಗಿದ್ರೆ ಇನ್ನೊಂದು ಹಾಸಿಗೆಗೆ ಗುಳಿ ಬೀಳುತ್ತೆ,” ಎಂದರು ಹೆಂಡತಿ. ಸ್ವಲ್ಪ ತಡೆದು, “ಆದ್ರೆ ತಿಂಗಳಿಗೆ ಒಂದು ಭಾನುವಾರ ಯಾರೂ ಫೋನು ಮಾಡಬಾರದು. ಅದನ್ನೂ ಸೇರಿಸ್ಕೋ,” ಎಂದರು ತಮ್ಮನಿಗೆ. ತಮ್ಮ ಸೇರಿಸಿದ. ವಿರೋಧಿಸುವ ಹಕ್ಕು ಯಾರಿಗೂ ಇರಲಿಲ್ಲ.

ಮನೆಗೆ ಹೋಗುವಾಗ ಹೆಂಡತಿಯೇ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ಭಾವಮೈದ ಬಹುಮಾನದ ಪುಟ್ಟ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿ ಕಾಣುತ್ತಿದ್ದ ತನ್ನ ಉಬ್ಬಿದ ಮುಖವನ್ನು ನೋಡುತ್ತ ತಣ್ಣಗೆ ಕೂತಿದ್ದ. ಪಕ್ಕದ ಸೀಟಿನಲ್ಲಿ ಮೇಷ್ಟ್ರು. ಬೀದಿಯ ತುದಿ ತಲುಪುವ ಮೊದಲೇ ಅವರ ತಲೆ ಕಿಟಕಿಗೆ ವಾಲಿತು. ಮಡಿಸಿದ ಬಾವುಟ ಕೈಯಿಂದ ಜಾರಿ ಕಾಲಿನ ಬಳಿ ಬಿತ್ತು.

ಸಂತೆಪೇಟೆಯ ತಿರುವಿನಲ್ಲಿ ಒಂದು ನಾಯಿ ಅಡ್ಡ ಬಂತು. ಹೆಂಡತಿ ಅಭ್ಯಾಸದಂತೆ ಗಂಡನ ಬಲಗಾಲಿನ ಕಡೆ ನೋಡಿದರು. ಕಾಲು ಬೂಟಿನೊಳಗೆ ಸಡಿಲವಾಗಿ, ಎಲ್ಲವನ್ನೂ ಬಿಟ್ಟುಕೊಟ್ಟಂತೆ, ಪಕ್ಕಕ್ಕೆ ಹೊರಳಿ ಬಿದ್ದಿತ್ತು. ಕದಲಲಿಲ್ಲ.

ಬ್ರೇಕನ್ನು ಆಕೆಯೇ ಒತ್ತಿದರು, ಎಚ್ಚರವಾಗದಷ್ಟು ಮೆಲ್ಲಗೆ.